ಬಸ್ಸಿನಲ್ಲಿ ಬಂದ ಅಳು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು: ಎಡಿಎಚ್‌ಡಿ, ಅಂದರೆ ಗಮನ ಹೇಳಿದ ಕಡೆ ನಿಲ್ಲದ, ಚಿಕ್ಕಂದಿನಿಂದಲೇ ಇರುವ ತೊಂದರೆ. ಮೂರನ್ನೂ ಹೆಂಗಸರೇ ಬರೆದಿದ್ದಾರೆ. ಮೊದಲನೆಯದು ಉದ್ದ ಇತ್ತು, ಸ್ವಲ್ಪ ಕಡಿಮೆ ಮಾಡಿದ್ದೇನೆ. ನನ್ನ ಉತ್ತರವನ್ನು ಮಾತ್ರ ಕಡಿಮೆ ಮಾಡಲು ಆಗಲಿಲ್ಲ. ಅದು ನನ್ನ ಕಥೆಯೂ ಹೌದು.

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಪಾಠ ಮಾಡೋದು ಅಂದ್ರೆ ನನಗೆ ಪ್ರಾಣ. ಮಕ್ಕಳೂ ನನ್ನ ಪೀರಿಯಡ್ಡಿಗೆ ಕಾಯುತ್ತಾರೆ. ಆದರೆ ಪಾಠ ಟಿಪ್ಪಣಿ, ಅಂಕಗಳ ರಿಜಿಸ್ಟರ್, ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ವೆಬ್‌ಸೈಟ್) ಎಂಟ್ರಿ ಯಾವುದೂ ಹೊತ್ತಿಗೆ ಸರಿಯಾಗಿ ಆಗೋದಿಲ್ಲ. ಕೊನೇ ದಿನ ರಾತ್ರಿ ಎರಡು ಗಂಟೆವರೆಗೆ ಕೂತು ಮುಗಿಸುತ್ತೇನೆ. ಎರಡು ಸಲ ಮೆಮೊ ಬಂದಿದೆ. ಮನೆಯಲ್ಲೂ ಹಾಗೇ. ಹಾಲು ಉಕ್ಕದ ದಿನ ಇಲ್ಲ. ಅರ್ಧ ಹೊಲಿದ ಮೂರು ಬ್ಲೌಸು ಎರಡು ವರ್ಷದಿಂದ ಮಿಷನ್ ಪಕ್ಕ ಬಿದ್ದಿವೆ. ಒಂದು ಸಲ ಮಗನನ್ನು ಟ್ಯೂಷನ್ನಿನಿಂದ ಕರೆತರೋದೇ ಮರೆತೆ. ಅವನು ಕತ್ತಲಲ್ಲಿ ಮುಕ್ಕಾಲು ಗಂಟೆ ಒಬ್ಬನೇ ನಿಂತಿದ್ದ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಹೋದ ವರ್ಷ ಆ ಮಗನಿಗೆ ಎಡಿಎಚ್‌ಡಿ ಅಂತ ಡಾಕ್ಟರ್ ಹೇಳಿದರು. ಅವನಿಗೆ 11 ವರ್ಷ. ಅವರು ಪ್ರಶ್ನೆ ಕೇಳುತ್ತಾ ಹೋದ ಹಾಗೆ ಒಂದೊಂದಕ್ಕೂ ನನ್ನೊಳಗೆ 'ಇದು ನಾನೇ' ಅನ್ನಿಸುತ್ತಿತ್ತು. "ನಿಮ್ಮಿಬ್ಬರಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ಹೀಗಿದ್ದಿರಾ?" ಅಂದರು. ಜೊತೆಗಿದ್ದ ನನ್ನ ಅಮ್ಮ, "ಥೇಟ್ ಇವಳೇ" ಅಂದುಬಿಟ್ಟರು. ಬಸ್ಸಿನಲ್ಲಿ ವಾಪಸ್ ಬರುವಾಗ ಅಳು ಬಂತು. ಊರು ಬಂದರೂ ನಿಲ್ಲಲಿಲ್ಲ. ಖುಷಿಗೋ ದುಃಖಕ್ಕೋ ಗೊತ್ತಿಲ್ಲ. ನಮ್ಮ ಮನೆಯವರು "ಮರೆವು ಯಾರಿಗಿಲ್ಲ? ಈಗ ನಿನಗೂ ಒಂದು ಕಾಯಿಲೆ ಬೇಕಾಯ್ತಾ?" ಅಂತಾರೆ. ಇಷ್ಟು ವಯಸ್ಸಾದ ಮೇಲೆ ತಿಳಿದು ಏನು ಉಪಯೋಗ? ಎರಡು ವರ್ಷದಿಂದ ಯಾಕೋ ಇದೆಲ್ಲ ಜಾಸ್ತಿ ಆಗಿದೆ. ಮಾತ್ರೆ ಶುರು ಮಾಡಿದರೆ ಚಟ ಆಗಿಬಿಡುತ್ತಾ? ನೌಕರಿಗೆ ತೊಂದರೆ ಆಗುತ್ತಾ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮಗೆ ಬಸ್ಸಿನಲ್ಲಿ ಬಂದ ಅಳು ನನಗೆ ಆಟೋದಲ್ಲಿ ಬಂದಿತ್ತು. ಆಗ ನನಗೆ 49. ಶಿವಮೊಗ್ಗದಲ್ಲಿ ಆಪ್ತಸಲಹೆಯ ಕೆಲಸ ಶುರು ಮಾಡಿ 20 ವರ್ಷ ಆಗಿತ್ತು. ಎಷ್ಟೋ ತಾಯಂದಿರನ್ನು ಎದುರಿಗೆ ಕೂರಿಸಿಕೊಂಡು ಅವರ ಮಕ್ಕಳ ಎಡಿಎಚ್‌ಡಿ ಬಗ್ಗೆ ವಿವರಿಸಿದ್ದೆ. ನನ್ನದು ನನಗೆ ಕಂಡಿರಲಿಲ್ಲ.

ನನ್ನನ್ನು ನೋಡಿದ ಮನೋವೈದ್ಯೆ, ಹಳೇ ಪ್ರಗತಿ ಪತ್ರ ಇದ್ದರೆ ತನ್ನಿ ಅಂದಿದ್ದರು. ತೀರ್ಥಹಳ್ಳಿ ಹತ್ತಿರದ ನಮ್ಮ ತವರಿನ ಅಟ್ಟದ ಮೇಲೆ ಒಂದು ಟ್ರಂಕು ಇದೆ. ಅದರಲ್ಲಿ ಐದು, ಆರು, ಏಳನೇ ಕ್ಲಾಸಿನವು ಸಿಕ್ಕಿದವು. ಮೂರು ವರ್ಷ, ಮೂರು ಬೇರೆ ಬೇರೆ ಮೇಷ್ಟ್ರು. ಮೂವರೂ ಒಂದೇ ಮಾತು ಬರೆದಿದ್ದರು: "ಜಾಣೆ. ಗಮನ ಸಾಲದು." ವೈದ್ಯೆ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ನಲವತ್ತು ವರ್ಷ ನಾನು 'ಗಮನ ಸಾಲದು' ಅನ್ನುವ ಎರಡು ಪದವನ್ನು ಬೈಗುಳ ಅಂತಲೇ ಓದಿಕೊಂಡಿದ್ದೆ. ಅದು ಲಕ್ಷಣ ಅಂತ ಓದಿದ್ದು ಅವತ್ತೇ ಮೊದಲು.

ನಿಮ್ಮ ಅಳು ಖುಷಿಯದೂ ಹೌದು, ದುಃಖದ್ದೂ ಹೌದು. 'ನಾನು ಸೋಮಾರಿ ಆಗಿರಲಿಲ್ಲ' ಅಂತ ಎದೆ ಹಗುರ ಆಗುತ್ತೆ. ಅದರ ಹಿಂದೆಯೇ 'ಆ ಹುಡುಗಿಗೆ ಅವತ್ತೇ ಯಾರಾದರೂ ಇದನ್ನು ಹೇಳಿದ್ದರೆ' ಅಂತ ಸಂಕಟ ಬರುತ್ತೆ. ಡಿಗ್ರಿಗೆ ಸೇರುವಾಗ ಅರ್ಜಿ ಕೊಡುವ ಕೊನೇ ದಿನ ಮರೆತು ನಾನು ಒಂದು ವರ್ಷ ಮನೆಯಲ್ಲಿ ಕೂತಿದ್ದೆ. ಆ ವರ್ಷದ ಬಗ್ಗೆ ನನಗೆ ಸಿಟ್ಟು ಬಂದದ್ದು 49ನೇ ವಯಸ್ಸಿನಲ್ಲಿ. ಸುಮಾರು ಆರು ತಿಂಗಳು ಹೀಗೇ ಇತ್ತು. ನಿಮಗೂ ಇದ್ದರೆ ಇರಲಿ ಬಿಡಿ. ಗಾಬರಿ ಬೇಡ. ಆದರೆ ಊಟ, ನಿದ್ದೆ ಬಿಟ್ಟುಹೋಗುವಷ್ಟು ಆದರೆ, ಬದುಕೇ ಬೇಡ ಅನ್ನಿಸಿದರೆ, ತಡ ಮಾಡದೆ ವೈದ್ಯರಿಗೆ ಹೇಳಿ.

ಇಷ್ಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ನನ್ನ ತಮ್ಮ ಅಡಿಕೆ ಒಣಗಿಸುವ ಅಟ್ಟದಿಂದ ಕೆಳಗೆ ಹಾರುತ್ತಿದ್ದ. ಕ್ಲಾಸಿನಲ್ಲಿ ಐದು ನಿಮಿಷ ಕೂರುತ್ತಿರಲಿಲ್ಲ. ಅವನ ವಿಷಯದಲ್ಲಿ ಮನೆಗೆ ದೂರು ಬರುತ್ತಿತ್ತು. ನಾನು ಮೂರನೇ ಬೆಂಚಿನಲ್ಲಿ ತೆಪ್ಪಗೆ ಕೂತು ಕಿಟಕಿಯಾಚೆ ನೋಡುತ್ತಿದ್ದೆ. ನನ್ನ ಬಗ್ಗೆ ಯಾರು ದೂರು ಕೊಡುತ್ತಾರೆ? ನನಗೂ ಓಟ ಇತ್ತು, ಅದು ತಲೆಯೊಳಗೆ ಇತ್ತು, ಅಷ್ಟೇ.

ವೈದ್ಯರಿಗೂ ಬಹಳ ಕಾಲ ಹೀಗೇ ಆಗಿದೆ. ಲಂಡನ್ನಿನಲ್ಲಿ 1902ರಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗಲೂ ಅವರು ಹೇಳಿದ ಮಕ್ಕಳಲ್ಲಿ ಗಂಡುಹುಡುಗರೇ ಜಾಸ್ತಿ. ಓಡಾಟ, ಗಲಾಟೆ ಇಲ್ಲದೆಯೂ ಗಮನದ ತೊಂದರೆ ಇರಬಹುದು ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ ಬರೆದುಕೊಂಡದ್ದು 1980ರಲ್ಲಿ. ಅಂದರೆ ಹೆಚ್ಚುಕಡಿಮೆ ನೀವು ಹುಟ್ಟುವ ಹೊತ್ತಿಗೆ. ಎಡಿಎಚ್‌ಡಿ ಅನ್ನುವ ಹೆಸರು ಬಂದದ್ದು 1987ರಲ್ಲಿ. ದೊಡ್ಡವರನ್ನು ಗುರುತಿಸಲು ಅದೇ ಕೈಪಿಡಿ ನಿಯಮ ಸಡಿಲಿಸಿದ್ದು 2013ರಲ್ಲಿ. ನನ್ನ ಮೇಷ್ಟ್ರುಗಳ ಮೇಲೆ ಸಿಟ್ಟು ಇಳಿದದ್ದು ಈ ಇಸವಿಗಳನ್ನು ನೋಡಿದ ಮೇಲೆ. ಅವರು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದರು. ಅದಕ್ಕೊಂದು ಹೆಸರು ಇರಲಿಲ್ಲ. ಈಗಲೂ ಮಕ್ಕಳಲ್ಲಿ ಹುಡುಗರಿಗೇ ಇದು ಜಾಸ್ತಿ ಪತ್ತೆಯಾಗುತ್ತೆ. ದೊಡ್ಡವರಿಗೆ ಬರುವಾಗ ಗಂಡಸರು, ಹೆಂಗಸರ ನಡುವಿನ ಅಂತರ ಬಹಳ ಕಡಿಮೆ ಆಗುತ್ತೆ. ನಿಮ್ಮ ಹಾಗೆ, ಮಗುವನ್ನು ತೋರಿಸಲು ಹೋಗಿ ತನ್ನನ್ನು ಕಂಡುಕೊಂಡ ತಾಯಂದಿರು ನನ್ನ ಕೋಣೆಗೇ ಎಷ್ಟೋ ಜನ ಬಂದಿದ್ದಾರೆ.

ಕಾಣದೇ ಇರಲು ಇನ್ನೊಂದು ಕಾರಣ ನಾವೇ. ಹೆಣ್ಣುಮಕ್ಕಳು ಇದನ್ನು ಮುಚ್ಚಿಡೋದನ್ನು ಬಲು ಬೇಗ ಕಲಿಯುತ್ತೇವೆ. ತಡವಾದೀತು ಅಂತ ಹೆದರಿ ನಾನು ಬಸ್ ಸ್ಟ್ಯಾಂಡಿಗೆ ಒಂದು ಗಂಟೆ ಮೊದಲೇ ಹೋಗಿ ಕೂರುತ್ತಿದ್ದೆ. ಬೀಗ ಹಾಕಿದ ಮೇಲೆ ಗೇಟಿನಿಂದ ಮೂರು ಸಲ ವಾಪಸ್ ಬಂದು ಜಗ್ಗಿ ನೋಡುತ್ತಿದ್ದೆ. ಯಾರಾದರೂ ಏನಾದರೂ ಅನ್ನುವ ಮೊದಲೇ 'ತಪ್ಪಾಯ್ತು' ಅನ್ನುತ್ತಿದ್ದೆ. ಹೊರಗಿನಿಂದ ನೋಡಿದವರು 'ಎಷ್ಟು ಅಚ್ಚುಕಟ್ಟು' ಅಂದುಕೊಂಡರು. ಸಂಜೆ ಹೊತ್ತಿಗೆ ನನಗೆ ಮಾತಾಡುವ ತ್ರಾಣವೂ ಇರುತ್ತಿರಲಿಲ್ಲ. ನೀವು ರಾತ್ರಿ ಎರಡು ಗಂಟೆವರೆಗೆ ಕೂತು ಮುಗಿಸಿದ ರಿಜಿಸ್ಟರ್ ಬೆಳಿಗ್ಗೆ ಹೆಡ್‌ಮಾಸ್ಟರ ಮೇಜಿನ ಮೇಲೆ ಇರುತ್ತೆ. ಆ ಎರಡು ಗಂಟೆ ಯಾರಿಗೂ ಕಾಣೋದಿಲ್ಲ. ಹೀಗೆ ಮುಚ್ಚಿಟ್ಟು ಮುಚ್ಚಿಟ್ಟು ಸುಸ್ತಾದ ಹೆಂಗಸರಿಗೆ ಮೊದಲು ಖಿನ್ನತೆ ಅಂತಲೋ ಆತಂಕ ಅಂತಲೋ ಚಿಕಿತ್ಸೆ ಆಗೋದುಂಟು. ಅದು ಸುಳ್ಳಲ್ಲ, ಅದೂ ಇರುತ್ತೆ. ಅದರ ಬೇರು ಮಾತ್ರ ಎಷ್ಟೋ ಸಲ ಇಲ್ಲಿರುತ್ತೆ.

ಇನ್ನು ನಿಮ್ಮ ಮನೆಯವರ ಮಾತು. "ಮರೆವು ಯಾರಿಗಿಲ್ಲ?" ಅನ್ನೋದು ನ್ಯಾಯವಾದ ಪ್ರಶ್ನೆಯೇ. ಅವರಿಗೆ ಹೀಗೆ ಹೇಳಿ ನೋಡಿ. ರಕ್ತದ ಒತ್ತಡ ಎಲ್ಲರಿಗೂ ಇದೆ. ಎಷ್ಟಿದೆ, ಎಷ್ಟು ದಿನದಿಂದ ಇದೆ ಅನ್ನೋದರ ಮೇಲೆ ಅದು ಕಾಯಿಲೆ. ಇದೂ ಹಾಗೆ. 12 ವರ್ಷ ತುಂಬುವ ಮೊದಲೇ ಲಕ್ಷಣ ಇದ್ದಿರಬೇಕು. ಮನೆಯಲ್ಲಿ ಮಾತ್ರ ಅಲ್ಲ, ಕೆಲಸದಲ್ಲೂ ಕಾಣಬೇಕು. ಬದುಕಿಗೆ ಅಡ್ಡಿ ಆಗಿರಬೇಕು. ಇಷ್ಟಿದ್ದರೆ ಮಾತ್ರ ವೈದ್ಯರು ಆ ಹೆಸರು ಕೊಡುತ್ತಾರೆ. ಮತ್ತೆ, ಇದು ಗಮನ ಇಲ್ಲದ ಕಾಯಿಲೆಯೂ ಅಲ್ಲ. ಕ್ಲಾಸಿನಲ್ಲಿ ನಿಮಗೆ ಹೊತ್ತು ಹೋದದ್ದೇ ತಿಳಿಯೋದಿಲ್ಲ, ಅಲ್ವಾ? ಗಮನ ಇದೆ. ಹೋಗು ಅಂದ ಕಡೆಗೆ ಹೋಗೋದಿಲ್ಲ. ಮನಸ್ಸಿಗೆ ರುಚಿಸಿದ್ದರ ಕಡೆ ತಾನಾಗಿ ಓಡುತ್ತೆ. 'ಅದಾಗುತ್ತೆ, ಇದು ಯಾಕೆ ಆಗಲ್ಲ?' ಅಂತ ನಮ್ಮನ್ನು ಬಯ್ಯೋದು ಇದನ್ನು ನೋಡಿಯೇ.

ಎರಡು ವರ್ಷದಿಂದ ಜಾಸ್ತಿ ಆಗಿದೆ ಅಂದಿರಿ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಮುಟ್ಟು ನಿಲ್ಲುವ ಮೊದಲಿನ ಕೆಲವು ವರ್ಷ ಮೈಯಲ್ಲಿ ಈಸ್ಟ್ರೋಜನ್ ಅನ್ನುವ ಹಾರ್ಮೋನು ಏರಿಳಿಯುತ್ತಾ ಕಡಿಮೆ ಆಗುತ್ತೆ. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಕೆಲಸಕ್ಕೆ ಈಸ್ಟ್ರೋಜನ್ನಿನ ಆಸರೆ ಇದೆ. ಎಡಿಎಚ್‌ಡಿ ಇರುವವರಲ್ಲಿ ಎಡವೋದು ಆ ಡೋಪಮೈನ್ ವ್ಯವಸ್ಥೆಯೇ. ಅದಕ್ಕೇ ಇಷ್ಟು ದಿನ ಹೇಗೋ ತೂಗಿಸಿಕೊಂಡು ಬಂದವರಿಗೆ 40 ದಾಟಿದ ಮೇಲೆ ಕೈ ಸೋತ ಹಾಗೆ ಆಗುತ್ತೆ. ಮುಟ್ಟಿನ ಹಿಂದಿನ ವಾರ ನಿಮಗೆ ಇನ್ನೂ ಜಾಸ್ತಿ ಆಗುತ್ತಾ? ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿ. ವೈದ್ಯರಿಗೆ ಅದು ಬಹಳ ಸಹಾಯ. ಆದರೆ ಎಲ್ಲವನ್ನೂ ಇದರ ತಲೆಗೆ ಕಟ್ಟಬೇಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಮೂರನ್ನೂ ಮೊದಲು ಪರೀಕ್ಷೆ ಮಾಡಿಸಿ. ಗೊರಕೆ, ನಿದ್ದೆಗೇಡು ಇದ್ದರೆ ಅದನ್ನೂ ಹೇಳಿ. ಇವೂ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆಯೂ ಸುಲಭ.

ಪರೀಕ್ಷೆ ಅಂದರೆ ರಕ್ತ ತೆಗೆದು, ಸ್ಕ್ಯಾನ್ ಮಾಡಿ ಹೇಳುವಂಥದ್ದಲ್ಲ. ಎಡಿಎಚ್‌ಡಿಗೆ ಅಂಥ ಪರೀಕ್ಷೆ ಇಲ್ಲ. ಮನೋವೈದ್ಯರು ಕೂತು ನಿಮ್ಮ ಬಾಲ್ಯದಿಂದ ಇಲ್ಲಿವರೆಗಿನ ಕಥೆ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗಾಗಿ ಮಾಡಿಸಿದ 18 ಪ್ರಶ್ನೆಗಳ ಪಟ್ಟಿ ಒಂದಿದೆ. ಅದನ್ನು ತುಂಬಿಸಬಹುದು. ಆ ಪಟ್ಟಿಯಾಗಲಿ, ಮೊಬೈಲಿನಲ್ಲಿ ಬರುವ ರೀಲ್ಸ್ ಆಗಲಿ ಕೊನೇ ಮಾತಲ್ಲ. ನಿಮ್ಮ ಅಮ್ಮನನ್ನು ಕರೆದುಕೊಂಡು ಹೋಗಿ. "ಥೇಟ್ ಇವಳೇ" ಅಂದವರು ಅವರು. ನಿಮ್ಮ ಬಾಲ್ಯಕ್ಕೆ ಅವರಿಗಿಂತ ಒಳ್ಳೆ ಸಾಕ್ಷಿ ಇಲ್ಲ. ಹಳೇ ಪ್ರಗತಿ ಪತ್ರ ಹುಡುಕಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿದೆ, ನಿಮ್ಮಲ್ಲಿ ಯಾವ ದಿನ ಅಂತ ವಿಚಾರಿಸಿ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಾತ್ರೆಯ ಹೆದರಿಕೆ ನನಗೂ ಇತ್ತು. ಜಾಸ್ತಿ ಬಳಸೋದು ಮೀಥೈಲ್‌ಫೆನಿಡೇಟ್. ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತೆ, ಕೆಲವು ಗಂಟೆಗಳಲ್ಲಿ ಇಳಿಯುತ್ತೆ. ದುರುಪಯೋಗ ಆಗಬಹುದಾದ ಔಷಧ ಅಂತ ಕಾನೂನು ಬಿಗಿ. ಚೀಟಿ ಇಲ್ಲದೆ ಸಿಗೋದಿಲ್ಲ, ಎಲ್ಲ ಮೆಡಿಕಲ್ ಶಾಪಿನಲ್ಲೂ ಇರೋದಿಲ್ಲ. ವೈದ್ಯರು ಹೇಳಿದ ಅಳತೆಯಲ್ಲಿ, ಅವರ ಕಣ್ಗಾವಲಿನಲ್ಲಿ ತೆಗೆದುಕೊಂಡವರಿಗೆ ಚಟ ಆಗುವ ಭಯ ಕಡಿಮೆ. ಹಸಿವು ಕಡಿಮೆ ಆಗಬಹುದು, ನಿದ್ದೆ ಕೆಡಬಹುದು, ಬಿಪಿ, ಎದೆಬಡಿತ ಏರಬಹುದು. ಹಾಗಾಗಿ ಮೊದಲೇ ಬಿಪಿ ನೋಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ. ಮೀಥೈಲ್‌ಫೆನಿಡೇಟ್ ಹೊಂದದಿದ್ದರೆ ಆಟೊಮಾಕ್ಸೆಟಿನ್ ಅನ್ನುವ ಔಷಧ ಇದೆ. ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ಮಾತ್ರೆ ಬೇಡ ಅಂತ ಬರೀ ಆಪ್ತಸಲಹೆಯಿಂದ ನಿಭಾಯಿಸುವವರೂ ಇದ್ದಾರೆ. ಮಾತ್ರೆ ನುಂಗಿದ ಮೊದಲ ದಿನ ನನಗೆ ಆದದ್ದು ಇಷ್ಟೇ: ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರು. ಶಬ್ದ ಕೇಳಿಸಿತು. ಕೇಳಿಸಿದ ಮೇಲೂ ನಾನು ಬರೆಯುತ್ತಿದ್ದ ವಾಕ್ಯ ಕೈತಪ್ಪಲಿಲ್ಲ. ಪೂರ್ತಿ ಬರೆದು ಚುಕ್ಕೆ ಇಟ್ಟೆ. ಬೇರೆಯವರಿಗೆ ದಿನಾ ಹೀಗೇ ಇರುತ್ತಾ ಅಂತ ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದೆ.

ನೌಕರಿಯ ವಿಷಯ ಚಿಕ್ಕದು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿ ಇಡೋದು ವೈದ್ಯರ ಜವಾಬ್ದಾರಿ. ಯಾರಿಗೆ ಹೇಳಬೇಕು ಅನ್ನೋದು ನಿಮ್ಮ ಇಷ್ಟ.

ಮಾತ್ರೆ ಒಂದೇ ಸಾಲದು. ಮನೆಯನ್ನೂ ಸ್ವಲ್ಪ ನಮ್ಮ ತಲೆಗೆ ಹೊಂದಿಸಿಕೊಳ್ಳಬೇಕು. ನಾನು ಕುಕ್ಕರ್ ವಿಷಲ್ ಎಣಿಸೋದನ್ನು ಬಿಟ್ಟೆ. ಎರಡಾಯಿತೋ ಮೂರೋ ಅಂತ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಮೊದಲ ವಿಷಲ್ಲಿಗೆ ಉರಿ ಸಣ್ಣ ಮಾಡಿ ಫೋನಿನಲ್ಲಿ ಎಂಟು ನಿಮಿಷ ಇಡುತ್ತೇನೆ. ಸ್ಟೀಲ್ ಡಬ್ಬಿಗಳನ್ನು ತೆಗೆದು ಗಾಜಿನ ಬಾಟಲಿ ಇಟ್ಟೆ. ಕಣ್ಣಿಗೆ ಕಾಣದ ಬೇಳೆ ನನ್ನ ಪಾಲಿಗೆ ಮನೆಯಲ್ಲಿ ಇಲ್ಲದ ಬೇಳೆ. ಕೀ, ಪರ್ಸು, ಕನ್ನಡಕಕ್ಕೆ ಬಾಗಿಲ ಹತ್ತಿರ ಒಂದೇ ಜಾಗ. ನಿಮ್ಮ ಸ್ಯಾಟ್ಸ್ ಎಂಟ್ರಿಗೆ ಒಬ್ಬ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಸಹಾಯ ಮಾಡಬೇಕಾಗಿಲ್ಲ, ತಮ್ಮ ಕೆಲಸ ತಾವು ಮಾಡುತ್ತಾ ಇದ್ದರೆ ಸಾಕು. ಪಕ್ಕದಲ್ಲಿ ಒಬ್ಬರು ಇದ್ದರೆ ನಮ್ಮ ಕೆಲಸ ಸಾಗುತ್ತೆ. ಮಧ್ಯಾಹ್ನ ಊಟ ಆದ ಮೇಲೆ ದಿನಾ ಹತ್ತು ಮಕ್ಕಳದ್ದು, ಅಷ್ಟೇ. ಟ್ಯೂಷನ್ನಿಗೆ ಅಲಾರಂ ಇಡುವಾಗ ತಲುಪುವ ಹೊತ್ತಿಗಲ್ಲ, ಹೊರಡುವ ಹೊತ್ತಿಗೆ ಇಡಿ. ಹೊಡೆದ ಕೂಡಲೇ ಚಪ್ಪಲಿ ಮೆಟ್ಟಿ. 'ಇದೊಂದು ಮುಗಿಸಿ ಹೋಗ್ತೀನಿ' ಅನ್ನೋದೇ ಬೇಡ. ಆ ಮೂರು ಬ್ಲೌಸು ನಾಳೆಯೇ ಟೈಲರ್ ಹತ್ತಿರ ಹೋಗಲಿ. ದಿನಾ ಬೆಳಿಗ್ಗೆ ಅವು ನಿಮ್ಮನ್ನು ಬಯ್ಯುತ್ತಿವೆ.

ಏನು ಉಪಯೋಗ ಅಂದಿರಲ್ಲ. ನಿಮ್ಮ ಮಗನನ್ನು ನೋಡಿ. ಇದು ರಕ್ತದಲ್ಲಿ ಬರುವಂಥದ್ದು, ಎತ್ತರದ ಹಾಗೆ. ನನ್ನ ಅಮ್ಮ ಅಟ್ಟಕ್ಕೆ ಹುಣಸೆಹಣ್ಣು ತರಲು ಹೋಗಿ ಹಳೇ ವಾರಪತ್ರಿಕೆ ಓದುತ್ತಾ ಕೂತುಬಿಡುತ್ತಿದ್ದಳು. ಕೆಳಗೆ ಗಂಜಿ ಸೀದುಹೋಗುತ್ತಿತ್ತು. ಓಡಿ ಬಂದು "ನನ್ನ ತಲೆಗಿಷ್ಟು ಬೆಂಕಿ ಹಾಕ" ಅಂತ ತಾನೇ ಬೈದುಕೊಳ್ಳುತ್ತಿದ್ದಳು. ಅವಳಿಗೂ ಇದೇ ಇತ್ತಾ ಅಂತ ಈಗ ಕೇಳಲು ಅವಳಿಲ್ಲ. ಆದರೆ ನಾನು ನನ್ನನ್ನು ಬೈದುಕೊಳ್ಳಲು ಕಲಿತದ್ದು ಆ ಒಲೆ ಮುಂದೆಯೇ. ನಿಮ್ಮ ಮಗನಿಗೆ ಡಾಕ್ಟರು 'ಇದು ನಿನ್ನ ತಪ್ಪಲ್ಲ' ಅಂದಿರುತ್ತಾರೆ. ಹಾಲು ಉಕ್ಕಿದಾಗ ನೀವು ನಿಮಗೆ ಏನು ಹೇಳಿಕೊಳ್ಳುತ್ತೀರೋ ಅವನು ನಂಬೋದು ಅದನ್ನು. ಆ ಕತ್ತಲ ಸಂಜೆಯ ಬಗ್ಗೆ ಅವನ ಹತ್ತಿರ ಮಾತಾಡಿ. "ಅವತ್ತು ಅಮ್ಮನ ತಲೆಯಿಂದ ಜಾರಿಹೋಯಿತು. ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಇನ್ನು ಅಲಾರಂ ಇಡ್ತೀನಿ" ಅನ್ನಿ. ನಿಮ್ಮ ಮನೆಯವರೂ ಪಕ್ಕದಲ್ಲಿದ್ದು ಕೇಳಿಸಿಕೊಂಡರೆ ಒಳ್ಳೇದು. ಮುಂದಿನ ಸಲ ಆಸ್ಪತ್ರೆಗೆ ಅವರನ್ನೇ ಕರೆದುಕೊಂಡು ಹೋಗಿ. ನನ್ನ ಮನೆಯಲ್ಲಿ, ನಾನು ಹೇಳಿ ಆಗದ ಕೆಲಸ ವೈದ್ಯೆ ಇಪ್ಪತ್ತು ನಿಮಿಷದಲ್ಲಿ ಮಾಡಿದ್ದರು.

ಪ್ರಶ್ನೆ: ನನಗೆ 63. ಮೊಮ್ಮಗಳು ಮೊಬೈಲಿನಲ್ಲಿ ಎಡಿಎಚ್‌ಡಿ ಬಗ್ಗೆ ಓದಿ "ಅಜ್ಜೀ, ಇದು ನೀನೇ" ಅಂದಳು. ಆದರೆ ನನಗೆ ಹೆದರಿಕೆ ಬೇರೆ. ಇದು ಮರೆಗುಳಿ ಕಾಯಿಲೆಯ ಶುರು ಇರಬಹುದೇನು?
– ಧಾರವಾಡ

ಉತ್ತರ: ಯಾವಾಗಿನಿಂದ ಅನ್ನೋದೇ ಮುಖ್ಯ. ಎಡಿಎಚ್‌ಡಿ ಚಿಕ್ಕಂದಿನಿಂದ ಜೊತೆಗೇ ಬಂದಿರುತ್ತೆ. ಕನ್ನಡಕ ಎಲ್ಲಿಟ್ಟೆ ಅಂತ ನೀವು 20ರಲ್ಲೂ ಹುಡುಕುತ್ತಿದ್ದಿರಾ? ಆಗಿನ ಗೆಳತಿಯರು, ಅಕ್ಕತಂಗಿಯರು ಹೌದು ಅಂದರೆ ಮೊಮ್ಮಗಳ ಮಾತಿನಲ್ಲಿ ಹುರುಳಿರಬಹುದು. ಅದಲ್ಲದೆ ಒಂದೆರಡು ವರ್ಷದಿಂದ ಹೊಸದಾಗಿ ಶುರುವಾಗಿದ್ದರೆ, ದಿನಾ ಹೋಗುವ ದಾರಿ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ನಲವತ್ತು ವರ್ಷ ಮಾಡಿದ ಅಡುಗೆಯ ಕ್ರಮ ಮರೆತರೆ ಅದು ಬೇರೆ ವಿಷಯ. ಎರಡರಲ್ಲಿ ಯಾವುದೇ ಇರಲಿ, ಮನೆಯಲ್ಲಿ ಕೂತು ಹೆದರಬೇಡಿ. ನಿಮ್ಮ ಊರಿನಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಅವಳು ಚೆನ್ನಾಗಿ ಗಮನಿಸುವ ಹುಡುಗಿ.

ಪ್ರಶ್ನೆ: ವಯಸ್ಸು 28, ಐಟಿ ಕೆಲಸ. ಎರಡು ವರ್ಷದ ಹಿಂದೆ ಎಡಿಎಚ್‌ಡಿ ಗೊತ್ತಾಯಿತು, ಮಾತ್ರೆ ತಗೋತೀನಿ, ಚೆನ್ನಾಗಿದ್ದೀನಿ. ಈಗ ಮದುವೆ ಮಾತುಕತೆ. "ಯಾರಿಗೂ ಬಾಯಿ ಬಿಡಬೇಡ" ಅಂತಾಳೆ ಅಮ್ಮ. ಏನು ಮಾಡಲಿ ಆಂಟಿ?
– ಬೆಂಗಳೂರು

ಉತ್ತರ: ಅಮ್ಮನ ಭಯ ಅರ್ಥವಾಗುತ್ತೆ. ಹೆಣ್ಣು ನೋಡಲು ಬಂದವರ ಮುಂದೆಲ್ಲ ಹೇಳಬೇಕಾಗಿಲ್ಲ. ಆದರೆ ಹುಡುಗನಿಗೆ, ನಿಶ್ಚಿತಾರ್ಥಕ್ಕೆ ಮೊದಲು, ನೀವೇ ಹೇಳಿ. ಗಂಡನಿಂದ ಬಚ್ಚಿಟ್ಟು ದಿನಾ ಮಾತ್ರೆ ನುಂಗುವ ಬದುಕು ಹೇಗಿರುತ್ತೆ ಅಂತ ನಾನು ನೋಡಿದ್ದೇನೆ. ಅದು ನಿಮಗೆ ಬೇಡ. ದೊಡ್ಡ ಗುಟ್ಟು ಒಪ್ಪಿಸುವವರ ಹಾಗೆ ಹೇಳಬೇಡಿ. ಇಬ್ಬರೇ ಹೊರಗೆ ಕಾಫಿಗೆ ಹೋದಾಗ ಹೇಳಿ: ಬಿಲ್ ಕಟ್ಟೋದು ಮರೆಯುತ್ತೀರಿ, ಜಗಳ ಆದಾಗ ಬೇಗ ಕಣ್ಣೀರು ಬರುತ್ತೆ, ಹಿಡಿಸಿದ ಕೆಲಸ ಹಿಡಿದರೆ ಊಟ ಮರೆಯುತ್ತೀರಿ, ಇದಕ್ಕೆ ಇಂಥ ಮಾತ್ರೆ. ಆಮೇಲೆ ಅವನನ್ನೂ ಕೇಳಿ, ಅವನಿಗೇನು ಕಷ್ಟ ಅಂತ. ಅವನು ಹೇಗೆ ಕೇಳಿಸಿಕೊಳ್ಳುತ್ತಾನೆ ಅನ್ನೋದನ್ನು ನೀವೂ ನೋಡಬೇಕಲ್ಲ.

ಮಗುವಿನ ಯೋಚನೆ ಬಂದಾಗ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೆಲವು ತಿಂಗಳು ಮೊದಲೇ ನಿಮ್ಮ ಮನೋವೈದ್ಯರು, ಹೆರಿಗೆ ಡಾಕ್ಟರು ಇಬ್ಬರ ಹತ್ತಿರವೂ ಮಾತಾಡಿ. ಅಮ್ಮನನ್ನು ಒಂದು ಸಲ ನಿಮ್ಮ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ವೈದ್ಯರು ಪ್ರಶ್ನೆ ಕೇಳುವಾಗ ಅಮ್ಮನ ಮುಖ ನೋಡುತ್ತಿರಿ. ಅವರಿಗೂ ತಮ್ಮ ಹಳೇ ದಿನಗಳು ನೆನಪಾಗಬಹುದು. ಹಾಗಾದರೆ ಬರುವಾಗ ಬಸ್ ಬೇಡ, ಆಟೋ ಮಾಡಿಕೊಂಡು ಬನ್ನಿ.